ಬೇಸ್‌ಬಾಲ್‌ನಲ್ಲಿ ಉದ್ದೀಪನ ಮದ್ದು ತೆಗೆದುಕೊಂಡವರಿಗೆ ಏನು ಶಿಕ್ಷೆ ಕೊಡಬೇಕು?

ಪಂದ್ಯ ನಿಷೇಧ ಒಂದೇ ಸಾಲದು, ದುಡ್ಡಿಗೂ ಕೈ ಹಾಕಬೇಕು. ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ನಿಯಮ ಈಗಲೂ ಸಡಿಲವೇನಲ್ಲ. 2014ರಿಂದ ಮೊದಲ ಸಲ ಸಿಕ್ಕಿಬಿದ್ದರೆ 80 ಪಂದ್ಯ, ಎರಡನೇ ಸಲ 162, ಅಂದರೆ ಇಡೀ ಸೀಸನ್, ಮೂರನೇ ಸಲ ಜೀವನಪೂರ್ತಿ ನಿಷೇಧ. ಆ ವರ್ಷದ ಪ್ಲೇಆಫ್ ಕೂಡ ಆಡುವಂತಿಲ್ಲ.

ಆದರೂ ಕದ್ದು ತೆಗೆದುಕೊಳ್ಳುವವರು ಇದ್ದಾರೆ, ಯಾಕೆಂದರೆ ಲೆಕ್ಕ ಹಾಕಿದರೆ ಲಾಭವೇ ಜಾಸ್ತಿ. ಮೇಜರ್ ಲೀಗ್ ಆಟಗಾರ ರಾಬಿನ್ಸನ್ ಕನೋ ಅವರನ್ನೇ ನೋಡಿ. 10 ವರ್ಷಕ್ಕೆ 24 ಕೋಟಿ ಡಾಲರ್ ಒಪ್ಪಂದ. 2018ರಲ್ಲಿ 80 ಪಂದ್ಯ ಹೊರಗೆ ಕೂತರು, 2020ರಲ್ಲಿ ಮತ್ತೆ ಸಿಕ್ಕಿಬಿದ್ದು 2021ರ ಸೀಸನ್ ಪೂರ್ತಿ ಕಳೆದುಕೊಂಡರು. ಆ ವರ್ಷದ ಸಂಬಳ ಹೋಯಿತು ನಿಜ, ಆದರೆ ಒಪ್ಪಂದ ಹಾಗೇ ಉಳಿಯಿತು. 2022ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ ಅವರನ್ನು ಕೈಬಿಟ್ಟಾಗಲೂ ಬಾಕಿ ದುಡ್ಡಿನ ಹೊರೆ ತಪ್ಪಲಿಲ್ಲ.

ಹಾಗಂತ ಒಪ್ಪಂದ ರದ್ದು ಮಾಡುವ ಅಧಿಕಾರ ತಂಡಕ್ಕೇ ಕೊಟ್ಟರೆ, ವಯಸ್ಸಾದ ದುಬಾರಿ ಆಟಗಾರ ಸಿಕ್ಕಿಬಿದ್ದ ದಿನ ಮಾಲೀಕರಿಗೆ ಹಬ್ಬ. ಈಗಲೇ ನಿಷೇಧದ ಅವಧಿಯ ಸಂಬಳ ತಂಡಕ್ಕೆ ಉಳಿತಾಯ ಅಲ್ವಾ! ಆ ದುಡ್ಡು, ಜೊತೆಗೆ ಉಳಿದ ಒಪ್ಪಂದದ ಒಂದು ಪಾಲು, ಕೆಳಹಂತದ ಮೈನರ್ ಲೀಗ್‌ಗಳಲ್ಲಿ ಕಷ್ಟದಲ್ಲಿ ಆಡುವ ಹುಡುಗರ ಸಂಬಳಕ್ಕೆ ಹೋಗಲಿ.