ಕೋರಿ ಎಂದರೂ ಕೋಳಿಯೇ

ಪ್ರಶ್ನೆ: ನಮ್ಮ ಮನೆಮಾತು ತುಳು. ಮಗ ಕನ್ನಡ ಮಾಧ್ಯಮದಲ್ಲಿ ನಾಲ್ಕನೇ ಕ್ಲಾಸು. ಪಾಠ ಓದುವಾಗ ಕೋಳಿಗೆ ‘ಕೋರಿ’ ಎಂದುಬಿಟ್ಟನಂತೆ. ಮಕ್ಕಳೆಲ್ಲ ನಕ್ಕರಂತೆ. ಈಗ ಕ್ಲಾಸಿನಲ್ಲಿ ಬಾಯೇ ಬಿಡುವುದಿಲ್ಲ. ನಿಮ್ಮ ಮಾಷ್ಟ್ರುಗಳು ಇಂಥದ್ದಕ್ಕೆ ಏನು ಹೇಳುತ್ತಿದ್ದರು ಟೀಚರೇ?
— ಓದುಗರೊಬ್ಬರು, ಮುಳ್ಳೇರಿಯ

ಉತ್ತರ: ನಿಮ್ಮ ಕಾಗದ ಓದುವಾಗ ನಮ್ಮ ಕನ್ನಡ ಮಾಷ್ಟ್ರ ದನಿ ಕಿವಿಗೆ ಬಿದ್ದ ಹಾಗಾಯಿತು. ‘ಮನೆಯಲ್ಲಿ ಹೇಳುವ ಹಾಗೆ ಹೇಳು ಮಾರಾಯ, ಮತ್ತೆ ಬರೆಯುವಾ.’ ದಿನಕ್ಕೆ ಹತ್ತು ಸಲವಾದರೂ ಈ ಮಾತು ಬರುತ್ತಿತ್ತು.

ಅದು 1972. ಬದಿಯಡ್ಕದ ಹತ್ತಿರದ ಶಾಲೆ, ನಾನು ಐದನೇ ಕ್ಲಾಸು. ಒಂದೇ ಬೆಂಚಿನಲ್ಲಿ ತುಳು, ಮಲಯಾಳ, ಹವ್ಯಕ, ಕೊಂಕಣಿ ಎಲ್ಲ ಇತ್ತು. ಜೂನ್ ತಿಂಗಳು. ಹೆಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ಮಾಷ್ಟ್ರು ಹೇಳಿದ್ದು ಹಿಂದಿನ ಬೆಂಚಿಗೆ ಕೇಳುತ್ತಿರಲಿಲ್ಲ. ಹೊರಗೆ ಏನು ಬರ್ತಾ ಉಂಟು ಎಂದು ಕೇಳಿದರು. ಮನೆಯಲ್ಲಿ ಮಲಯಾಳ ಆಡುವ ಹುಡುಗನೊಬ್ಬ ‘ಮೞ’ ಎಂದ. ನಾವೆಲ್ಲ ನಕ್ಕೆವು. ನಾನೂ ನಕ್ಕಿದ್ದೆ, ಈಗಲೂ ಅದು ಚುಚ್ಚುತ್ತದೆ.

ಮಾಷ್ಟ್ರು ನಗಲಿಲ್ಲ. ಬೋರ್ಡಿನಲ್ಲಿ ನಾವು ಕಂಡೇ ಇರದ ಒಂದು ಅಕ್ಷರ ಬರೆದರು: ೞ. ‘ಇದು ಕನ್ನಡದ್ದೇ ಅಕ್ಷರ. ಹಳೆಗನ್ನಡದಲ್ಲಿ ಮಳೆಯನ್ನು ಮೞೆ ಎಂದೇ ಬರೆಯುತ್ತಿದ್ದರು. ನಮ್ಮ ಬಾಯಿಂದ ಈ ಅಕ್ಷರ ಬಿದ್ದುಹೋಯಿತು. ಇವನ ಮನೆಯಲ್ಲಿ ಇನ್ನೂ ಉಂಟು’ ಎಂದರು. ಕೇಶಿರಾಜ ಎಂಬವನು 13ನೇ ಶತಮಾನದಲ್ಲೇ ಕನ್ನಡಕ್ಕೆ ವ್ಯಾಕರಣ ಬರೆದ, ಅದರಲ್ಲಿ ಈ ಅಕ್ಷರದ ಲೆಕ್ಕ ಉಂಟು ಎಂದೂ ಹೇಳಿದರು. ಆಮೇಲೆ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರು. ತುಳುವಿನ ಹುಡುಗಿ ‘ಕೋರಿ’ ಎಂದಳು. ಮಲಯಾಳದ ಹುಡುಗ ‘ಕೋೞಿ’ ಎಂದ. ಹಳೆಗನ್ನಡದಲ್ಲೂ ಕೋೞಿಯೇ. ಬಾಳೆಗೆ ತುಳುವಿನಲ್ಲಿ ಬಾರೆ, ಮಲಯಾಳದಲ್ಲಿ ವಾೞ, ಹಳೆಗನ್ನಡದಲ್ಲಿ ಬಾೞೆ. ಬೋರ್ಡು ತುಂಬಿತು. ಪಾಠ ಮುಂದೆ ಹೋಗಲಿಲ್ಲ, ಯಾರಿಗೂ ಬೇಜಾರಿರಲಿಲ್ಲ. ಆ ಹುಡುಗ ಮರುದಿನ ತಾನಾಗಿ ಮುಂದಿನ ಬೆಂಚಿಗೆ ಬಂದು ಕುಳಿತ.

ಮುಂದೆ ನಾನೂ ಟೀಚರಾದೆ. ಮಾತು ತಡವರಿಸಿದ ಮಗುವಿಗೆ ಅದೇ ಮಾತು ಹೇಳಿದೆ.

ನಿಮ್ಮ ಮಗನ ಬಾಯಿಗೆ ಬಂದದ್ದು ತಪ್ಪು ಪದ ಅಲ್ಲ, ಮನೆಯ ಪದ. ಅವನನ್ನು ತೋಟಕ್ಕೆ ಕರೆದುಕೊಂಡು ಹೋಗಿ. ಬಾಳೆ ತೋರಿಸಿ, ಬಾರೆ, ಬಾೞೆ ಎಲ್ಲ ಹೇಳಿಸಿ, ಬರೆಸಿ. ಆ ಕಾಗದವನ್ನು ಅವನ ಟೀಚರಿಗೆ ಕೊಡಿ. ಕ್ಲಾಸಿನಲ್ಲಿ ಅವನೇ ಓದಿ ಹೇಳಲಿ ಎಂದು ನಾನು ಕೇಳಿಕೊಂಡಿದ್ದೇನೆ ಎನ್ನಿ.