ಮಾತು ತಡವಾದರೆ ಮೊದಲು ಕಿವಿ ನೋಡಿಸಿ

ಪ್ರಶ್ನೆ: ಮಗನಿಗೆ 20 ತಿಂಗಳು. ಓಡಾಡುತ್ತಾನೆ, ಹತ್ತುತ್ತಾನೆ, ಇಳಿಯುತ್ತಾನೆ. ಆದರೆ ‘ಅಮ್ಮ’ ಬಿಟ್ಟರೆ ಬೇರೆ ಮಾತಿಲ್ಲ. ಕರೆದರೂ ಕೆಲವೊಮ್ಮೆ ತಿರುಗುವುದಿಲ್ಲ. ಗಂಡುಮಕ್ಕಳಿಗೆ ಮಾತು ತಡ, ಮೂರು ವರ್ಷಕ್ಕೆ ತಾನಾಗಿ ಬರುತ್ತದೆ ಎನ್ನುತ್ತಾರೆ ಮನೆಯ ಹಿರಿಯರು. ಕಾಯಬಹುದೇ?

ಉತ್ತರ: ದಯವಿಟ್ಟು ಕಾಯಬೇಡಿ. ಮೊದಲು ಕಿವಿ ಪರೀಕ್ಷೆ ಆಗಲಿ. ಬಾಗಿಲು ಬಡಿದರೆ ಬೆಚ್ಚುತ್ತಾನೆ, ಹಾಗಾಗಿ ಕಿವಿ ಸರಿಯಿದೆ ಎಂದುಕೊಳ್ಳುವಲ್ಲೇ ಹೆಚ್ಚಿನವರು ಎಡವುವುದು. ನಡುಗಿವಿಯಲ್ಲಿ ದ್ರವ ತುಂಬಿದ ಮಗುವಿಗೂ ದೊಡ್ಡ ಸದ್ದು ಕೇಳುತ್ತದೆ, ಮಾತು ಮಾತ್ರ ಮಂಕಾಗುತ್ತದೆ. ಹುಟ್ಟಿದಾಗಿನ ಪರೀಕ್ಷೆಯಲ್ಲಿ ಪಾಸಾಗಿದ್ದರೂ ಮತ್ತೆ ಮಾಡಿಸಿ. ಶ್ರವಣದೋಷ ಆಮೇಲೂ ಬರಬಹುದು. ಈ ವಯಸ್ಸಿನವರಿಗೆ ಸಾಮಾನ್ಯವಾಗಿ ನಿದ್ದೆಯಲ್ಲಿರುವಾಗ ‘ಬೇರಾ’ (BERA) ಪರೀಕ್ಷೆ, ಅಂದರೆ ಸದ್ದಿಗೆ ಕಿವಿಯ ನರ ಮತ್ತು ಮಿದುಳು ಸ್ಪಂದಿಸುತ್ತವೆಯೇ ಎಂದು ನೋಡುವ ಪರೀಕ್ಷೆ ಮಾಡುತ್ತಾರೆ.

ಇನ್ನು ಮಾತಿಗಿಂತ ಮುಖ್ಯವಾದದ್ದು ಬೆರಳು. ಬೇಕಾದ್ದನ್ನು ಬೆರಳಿಟ್ಟು ಕೇಳುತ್ತಾನೆಯೇ? ಹಕ್ಕಿ ಕಂಡಾಗ ಅತ್ತ ಬೆರಳು ಮಾಡಿ, ನೀವೂ ನೋಡಿದಿರಾ ಎಂದು ನಿಮ್ಮ ಮುಖ ನೋಡುತ್ತಾನೆಯೇ? ಇವೆರಡೂ ಬೇರೆ ಬೇರೆ; ಎರಡನೆಯದೇ ಹೆಚ್ಚು ತಿಳಿಸುತ್ತದೆ. ಬೆರಳು ತೋರಿಸುವ ಬದಲು ನಿಮ್ಮ ಕೈ ಹಿಡಿದೆಳೆದು, ಆ ಕೈಯನ್ನೇ ಡಬ್ಬದ ಮೇಲೆ ಇಡುತ್ತಿದ್ದರೆ, ಮುಖ ನೋಡದಿದ್ದರೆ, ಆಟಿಸಂ (ಇತರರೊಡನೆ ಬೆರೆಯುವ, ಸಂವಹಿಸುವ ರೀತಿ ಭಿನ್ನವಾಗಿರುವ ಬೆಳವಣಿಗೆಯ ಸ್ಥಿತಿ) ತಪಾಸಣೆಯೂ ಬೇಕು. 16ರಿಂದ 30 ತಿಂಗಳವರಿಗೆ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿ ಇದೆ. ಅದರಲ್ಲಿ ಅಂಕ ಹೆಚ್ಚು ಬಂದ ಮಾತ್ರಕ್ಕೆ ಆಟಿಸಂ ಇದೆಯೆಂದಲ್ಲ, ವಿವರವಾಗಿ ಪರೀಕ್ಷಿಸಬೇಕು ಎಂದಷ್ಟೇ.

ವೈದ್ಯರ ಮುಂದೆ ಮಗು ಅಳುತ್ತದೆ ಅಥವಾ ಸುಮ್ಮನಾಗುತ್ತದೆ. ಅದಕ್ಕೇ ಮನೆಯಲ್ಲೇ ಎರಡು ಮೂರು ನಿಮಿಷದ ವಿಡಿಯೊಗಳನ್ನು ಮಾಡಿಟ್ಟುಕೊಳ್ಳಿ: ಹಿಂದಿನಿಂದ ಹೆಸರು ಕರೆದಾಗ, ಒಬ್ಬನೇ ಆಡುವಾಗ, ಏನಾದರೂ ಕೇಳುವಾಗ. ಬರುವ ಪದಗಳನ್ನು ಬರೆದಿಡಿ. ನಾಯಿಗೆ ಪ್ರತಿಸಲವೂ ‘ಬೌ’ ಎಂದರೆ ಅದೂ ಒಂದು ಪದವೇ. ಮನೆಯಲ್ಲಿ ಎರಡು ಭಾಷೆಯಿದ್ದರೆ ಎರಡರ ಪದಗಳನ್ನೂ ಸೇರಿಸಿ ಎಣಿಸಿ; ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ, ಒಂದನ್ನು ಬಿಡಬೇಕಿಲ್ಲ.

ಸ್ಪೀಚ್ ಥೆರಪಿ ಶುರುಮಾಡಲು ತೊಂದರೆಗೆ ಹೆಸರು ಸಿಗುವವರೆಗೆ ಕಾಯಬೇಕಿಲ್ಲ. ಅಲ್ಲಿಯವರೆಗೆ ಟಿವಿ, ಮೊಬೈಲ್ ಪೂರ್ತಿ ಬಂದ್ ಮಾಡಿ. ಅವನು ನೋಡುತ್ತಿರುವುದನ್ನೇ ಹೆಸರಿಸಿ: ‘ಚೆಂಡು’, ‘ಚೆಂಡು ಬಿತ್ತು’. ಆಮೇಲೆ ಐದರಿಂದ ಹತ್ತು ಸೆಕೆಂಡ್ ಸುಮ್ಮನಿರಿ. ಈ ಸುಮ್ಮನಿರುವುದೇ ದೊಡ್ಡವರಿಗೆ ಕಷ್ಟ! ‘ಹೇಳು, ಹೇಳು’ ಎಂದು ಬೆನ್ನು ಹತ್ತಿದರೆ ಮಗು ಇನ್ನಷ್ಟು ಬಾಯಿ ಮುಚ್ಚುತ್ತದೆ.

ಪ್ರಶ್ನೆ: 32 ವಾರಕ್ಕೇ ಹುಟ್ಟಿದ ಮಗಳಿಗೆ ಈಗ 9 ತಿಂಗಳು. ಇನ್ನೂ ತಾನಾಗಿ ಕೂರುತ್ತಿಲ್ಲ.

ಉತ್ತರ: 40 ವಾರಕ್ಕೆ 8 ವಾರ ಕಡಿಮೆ. ಹಾಗಾಗಿ ಬೆಳವಣಿಗೆಯ ಲೆಕ್ಕದಲ್ಲಿ ಅವಳಿಗೆ ಸುಮಾರು 7 ತಿಂಗಳು. ಎರಡು ವರ್ಷದವರೆಗೆ ಹೀಗೆಯೇ ಎಣಿಸಿ. ಆಧಾರವಿಲ್ಲದೆ ಕೂರಲು ಈ ಲೆಕ್ಕದ 9 ತಿಂಗಳವರೆಗೆ ಸಮಯವಿದೆ. ದಿನವೂ ನೆಲದ ಮೇಲೆ ಬಿಟ್ಟು ಆಡಿಸಿ. ವಾಕರ್ ಬೇಡ, ಅದರಿಂದ ಕೂರುವುದೂ ನಡೆಯುವುದೂ ಬೇಗ ಬರುವುದಿಲ್ಲ, ಪೆಟ್ಟಾಗುವ ಅಪಾಯವೂ ಇದೆ.

ಆದರೆ ತಲೆ ಇನ್ನೂ ನಿಲ್ಲದಿದ್ದರೆ, ಒಂದು ಕೈ ಸದಾ ಮುಷ್ಟಿಯಾಗಿದ್ದು ಇನ್ನೊಂದರಲ್ಲೇ ಎಲ್ಲ ಹಿಡಿದರೆ, ಡೈಪರ್ ಹಾಕುವಾಗ ತೊಡೆ ಬಿಡಿಸಲಾಗದಷ್ಟು ಬಿಗಿಯಾಗಿದ್ದರೆ ಈ ವಾರವೇ ಮಕ್ಕಳ ವೈದ್ಯರಿಗೆ ತೋರಿಸಿ. ಕಲಿತದ್ದನ್ನು ಮಗು ಮರೆತರೂ ಅಷ್ಟೇ, ಯಾವ ವಯಸ್ಸಿನಲ್ಲೇ ಆಗಲಿ ತಡಮಾಡಬಾರದು.