ಆಮೆಯ ಬೆನ್ನಿನ ಲೋಕ: ಓದುಗರ ಪ್ರಶ್ನೆಗಳು

ಇಂಗ್ಲೆಂಡಿನ ಲೇಖಕ ಟೆರಿ ಪ್ರಾಚೆಟ್ ಅವರ ‘ಡಿಸ್ಕ್‌ವರ್ಲ್ಡ್’ ಕಾದಂಬರಿಗಳ ಬಗ್ಗೆ ಕಳೆದ ಸಂಚಿಕೆಯ ಈ ಅಂಕಣದಲ್ಲಿ ಮಾತಿನ ನಡುವೆ ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ಕೊಡಗಿನ ಮೂಲೆಮೂಲೆಯಿಂದ ಪತ್ರಗಳು ಬಂದವು. ಮಳೆಗಾಲದಲ್ಲಿ ನಮ್ಮ ಜನ ಏನು ಮಾಡುತ್ತಾರೆಂಬುದು ಇದರಿಂದ ಗೊತ್ತಾಯಿತು. ಈ ಸಲದ ಪುಟವನ್ನು ಅವರಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಒಟ್ಟು 41 ಕಾದಂಬರಿಗಳಿವೆ ಎನ್ನುತ್ತಾರೆ. ಮೊದಲನೆಯದನ್ನು ಹಿಡಿದು ಅರವತ್ತು ಪುಟಕ್ಕೆ ಕೈಬಿಟ್ಟೆ. ತಪ್ಪು ನನ್ನದೇ? (ಸೋಮವಾರಪೇಟೆಯ ಕಾಲೇಜು ವಿದ್ಯಾರ್ಥಿನಿ)

ಉತ್ತರ: ನಿಮ್ಮದಲ್ಲ. 1983ರ ‘ದಿ ಕಲರ್ ಆಫ್ ಮ್ಯಾಜಿಕ್’ ಆ ಕಾಲದ ಕತ್ತಿ-ಮಾಂತ್ರಿಕರ ಕಥೆಗಳನ್ನು ಅಣಕಿಸಲು ಹುಟ್ಟಿದ ಪುಸ್ತಕ; ಅಣಕಕ್ಕೆ ಗುರಿಯಾದದ್ದನ್ನು ಓದಿರದವರಿಗೆ ಅರ್ಧ ನಗು ಕೈತಪ್ಪುತ್ತದೆ. ಈ ಸರಣಿಯನ್ನು ಕ್ರಮವಾಗಿಯೇ ಓದಬೇಕೆಂಬ ಕಟ್ಟುಪಾಡೇನೂ ಇಲ್ಲ. 1987ರ ‘ಮಾರ್ಟ್’ ಅಥವಾ 1989ರ ‘ಗಾರ್ಡ್ಸ್! ಗಾರ್ಡ್ಸ್!’ನಿಂದ ಶುರುಮಾಡಿ. ಮೊದಲನೆಯದರಲ್ಲಿ ಯಾವ ಕೆಲಸಕ್ಕೂ ಬಾರದವನೆಂದು ಊರೆಲ್ಲ ಕೈಬಿಟ್ಟ ಹುಡುಗನೊಬ್ಬ ಸಾವಿನ ಬಳಿಯೇ ಕೆಲಸ ಕಲಿಯಲು ಸೇರುತ್ತಾನೆ. ಎರಡನೆಯದರಲ್ಲಿ ಯಾರೂ ಲೆಕ್ಕಕ್ಕಿಡದ ರಾತ್ರಿ ಪಹರೆಯ ಪೊಲೀಸರು ಡ್ರ್ಯಾಗನ್ ಒಂದನ್ನು ಎದುರಿಸಬೇಕಾಗುತ್ತದೆ.

ಅಲ್ಲದೆ, ಡಿಸ್ಕ್‌ವರ್ಲ್ಡ್ ಎಂಬ ಲೋಕವೆಂದರೆ ನಾಲ್ಕು ಆನೆಗಳ ಬೆನ್ನಿನ ಮೇಲೆ ತಟ್ಟೆಯಂಥ ಭೂಮಿ, ಆ ಆನೆಗಳು ಆಕಾಶದಲ್ಲಿ ಈಜುವ ಒಂದು ಮಹಾ ಆಮೆಯ ಮೇಲೆ ಎಂದಾಗ ಪರದೇಶದ ಓದುಗ ಬೆರಗಾಗಬಹುದು. ಕೂರ್ಮಾವತಾರವನ್ನೂ ಅಷ್ಟದಿಗ್ಗಜಗಳನ್ನೂ ಅಜ್ಜಿಯ ಮಡಿಲಲ್ಲೇ ಕೇಳಿದ ನಾವು ನಾಲ್ಕು ಆನೆ ಕಡಿಮೆಯಾಯಿತಲ್ಲ ಎಂದುಕೊಂಡು ಮುಂದಿನ ಪುಟ ತಿರುಗಿಸುತ್ತೇವೆ. ಆದರೆ ಆ ಆಮೆ ಗಂಡೋ ಹೆಣ್ಣೋ ಎಂದು ತಿಳಿಯಲು ಲೋಕದ ಅಂಚಿನಿಂದ ಕೆಳಕ್ಕೆ ಜನರನ್ನು ಇಳಿಬಿಡುವ ಪಂಡಿತರನ್ನು ನಮ್ಮ ಪುರಾಣಗಳಲ್ಲಿ ನಾನು ಕಂಡಿಲ್ಲ.

ಪ್ರಶ್ನೆ: ಪಹರೆಯ ಸ್ಯಾಮ್ ವೈಮ್ಸ್ ನನ್ನ ಮೆಚ್ಚಿನ ಪಾತ್ರ. ‘ಸದಾ ಗೊಣಗುವ ಪೊಲೀಸಿನವನಲ್ಲಿ ಏನು ಕಂಡೆ?’ ಎಂದು ಗೆಳೆಯರು ಕೇಳುತ್ತಾರೆ. ಏನು ಹೇಳಲಿ? (ಸಿದ್ದಾಪುರದ ಬಳಿ ಕಾಫಿ ತೋಟವೊಂದರ ರೈಟರ್)

ಉತ್ತರ: ಬೂಟಿನ ಲೆಕ್ಕ ಹೇಳಿ. 1993ರ ‘ಮೆನ್ ಅಟ್ ಆರ್ಮ್ಸ್’ನಲ್ಲಿ ಬರುವ ಈ ಲೆಕ್ಕ ಹೀಗಿದೆ: ವೈಮ್ಸ್‌ನ ತಿಂಗಳ ಸಂಬಳ 38 ಡಾಲರ್. ಒಳ್ಳೆಯ ಚರ್ಮದ ಬೂಟಿಗೆ 50 ಡಾಲರ್, ಸಾಧಾರಣ ಬೂಟಿಗೆ 10. ಐವತ್ತು ಕೊಡಬಲ್ಲವನ ಕಾಲು ಹತ್ತು ವರ್ಷವಾದರೂ ಒಣಗಿಯೇ ಇರುತ್ತದೆ. ಹತ್ತನ್ನಷ್ಟೇ ಕೊಡಬಲ್ಲವನು ಒಂದೆರಡು ಋತುವಿಗೊಮ್ಮೆ ಹೊಸದನ್ನು ಕೊಳ್ಳುತ್ತ, ಅದೇ ಅವಧಿಯಲ್ಲಿ ನೂರು ಡಾಲರ್ ಕಳೆದುಕೊಂಡು, ಕೊನೆಗೂ ಒದ್ದೆ ಕಾಲಿನಲ್ಲೇ ಇರುತ್ತಾನೆ. ಸಿರಿವಂತರು ಸಿರಿವಂತರಾಗಿಯೇ ಉಳಿಯುವುದು ಅವರ ಖರ್ಚು ಕಡಿಮೆಯಾದ್ದರಿಂದ ಎಂಬುದು ವೈಮ್ಸ್‌ನ ವಾದ.

ಇದನ್ನು ತೋಟದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಗ್ಗದ ಗಮ್‌ಬೂಟು ಮೊದಲು ಬಿರಿಯುವುದು ಹಿಮ್ಮಡಿಯಲ್ಲಲ್ಲ, ಬಗ್ಗಿದಾಗ ಬೆರಳುಗಳ ಮೇಲೆ ಮಡಿಕೆ ಬೀಳುವ ಜಾಗದಲ್ಲಿ. ಅಲ್ಲಿಗೆ ಸೈಕಲ್ ಟ್ಯೂಬಿನ ತೇಪೆ ಹಾಕಿದರೆ ಹದಿನೈದು ದಿನ ತಡೆಯುತ್ತದೆ, ಆಮೇಲೆ ತೇಪೆಯ ಅಂಚಿನಿಂದಲೇ ನೀರು ಒಳಗಿಳಿಯುತ್ತದೆ. ಸಂಜೆ ಬೂಟು ಬೋರಲು ಹಾಕಿದರೆ ಕೆಂಪು ನೀರಿನ ಜೊತೆಗೆ ಒಂದೆರಡು ಜಿಗಣೆಯೂ ಬೀಳುತ್ತವೆ. ತೋಟದ ಯಜಮಾನರ ಬೂಟು ಐದನೆಯ ಮಳೆಗಾಲ ನೋಡುತ್ತಿರುತ್ತದೆ. ವೈಮ್ಸ್‌ನ ಗೊಣಗಾಟ ಹುಟ್ಟುವುದು ಆ ಒದ್ದೆ ಕಾಲಿನಿಂದ. ಮುಂದೆ ಸಿರಿವಂತೆಯನ್ನು ಮದುವೆಯಾಗಿ ಡ್ಯೂಕ್ ಎನಿಸಿಕೊಂಡ ಮೇಲೂ ಆತ ತೆಳ್ಳಗಿನ ಅಟ್ಟೆಯ ಬೂಟನ್ನೇ ಬಯಸುತ್ತಾನೆ: ಕಾಲಡಿಯ ಕಲ್ಲು ತಿಳಿದರೆ ಕತ್ತಲೆಯಲ್ಲೂ ಯಾವ ಬೀದಿಯೆಂದು ಗೊತ್ತಾಗುತ್ತದೆಯಂತೆ. ನಿಮ್ಮ ಗೆಳೆಯರಿಗೆ 2002ರ ‘ನೈಟ್ ವಾಚ್’ ಕೊಡಿ. ನನ್ನ ಮಟ್ಟಿಗೆ ಇಡೀ ಸರಣಿಯ ಶಿಖರ ಅದೇ.

ಪ್ರಶ್ನೆ: ಈ ಕಥೆಗಳ ಮಾಟಗಾತಿಯರಲ್ಲಿ ಗ್ರ್ಯಾನಿ ವೆದರ್‌ವ್ಯಾಕ್ಸ್ ದೊಡ್ಡವಳೆಂದು ನಾನು, ನ್ಯಾನಿ ಆಗ್ ಎಂದು ನನ್ನ ಅತ್ತಿಗೆ. ತೀರ್ಪು ನೀವೇ ಕೊಡಿ. (ಗೋಣಿಕೊಪ್ಪಲಿನ ಓದುಗರು)

ಉತ್ತರ: ಮನೆಯ ಜಗಳಕ್ಕೆ ಪತ್ರಿಕೆಯನ್ನು ಎಳೆಯುತ್ತಿದ್ದೀರಿ, ಆದರೂ ಹೇಳುತ್ತೇನೆ. ಕಷ್ಟ ಬಂದಾಗ ಬಾಗಿಲು ತಟ್ಟುವುದಾದರೆ ಗ್ರ್ಯಾನಿಯದು, ಹಬ್ಬದ ಊಟಕ್ಕೆ ಕೂರುವುದಾದರೆ ನ್ಯಾನಿಯ ಪಕ್ಕ. ಗ್ರ್ಯಾನಿಗೆ ಮಂತ್ರಶಕ್ತಿ ಬೇಕಾದಷ್ಟಿದೆ, ಅದನ್ನು ಬಳಸದಿರುವುದೇ ಅವಳ ದೊಡ್ಡತನ. ಮನುಷ್ಯರನ್ನು ವಸ್ತುಗಳಂತೆ ಕಾಣುವುದೇ ಪಾಪದ ಮೂಲ ಎಂದು ‘ಕಾರ್ಪೆ ಜುಗುಲಂ’ನಲ್ಲಿ ಅವಳು ಒಬ್ಬ ಪುರೋಹಿತನಿಗೆ ತಿಳಿಹೇಳುವ ಮಾತು ಎಷ್ಟೋ ಪ್ರವಚನಗಳಿಗಿಂತ ಮೇಲು. ಅಷ್ಟಾಗಿಯೂ ಅವಳಿಗೆ ಕಾಗುಣಿತ ಬಾರದು. ಪ್ರಾಣಿಗಳ ಮನಸ್ಸಿನೊಳಗೆ ಹೊಕ್ಕು ಅಲೆಯುವಾಗ ಹಾಸಿಗೆಯಲ್ಲಿ ಹೆಣದಂತೆ ಬಿದ್ದಿರುತ್ತಾಳಾದ್ದರಿಂದ, ನೋಡಿದವರು ಹೂಳಿಬಿಟ್ಟಾರೆಂದು, ತಾನು ಸತ್ತಿಲ್ಲವೆಂಬ ಚೀಟಿಯನ್ನು ತಪ್ಪುತಪ್ಪಾಗಿ ಬರೆದು ಹಿಡಿದುಕೊಂಡಿರುತ್ತಾಳೆ. ಕನ್ನಡದಲ್ಲಾದರೆ ‘ನಾನು ಸತಿಲ್ಲ’ ಎಂದಿರುತ್ತಿತ್ತೇನೋ. ನಿಮ್ಮ ಅತ್ತಿಗೆಗೆ ಸೋಲಾಯಿತೆಂದು ಮಾತ್ರ ಹೇಳಬೇಡಿ: ನ್ಯಾನಿ ಜೊತೆಗಿಲ್ಲದಿದ್ದರೆ ಗ್ರ್ಯಾನಿಯ ಬಿಗುಮಾನವನ್ನು ಮೂರು ಪುಟಕ್ಕಿಂತ ಹೆಚ್ಚು ಸಹಿಸಲಾಗುತ್ತಿರಲಿಲ್ಲ.

ಪ್ರಶ್ನೆ: ಈ ಕೃತಿಗಳಲ್ಲಿ ಸಾವು ಒಂದು ಪಾತ್ರವಾಗಿ ಬರುತ್ತದೆ. ಅದನ್ನು ಕನ್ನಡಕ್ಕೆ ತರುವುದಾದರೆ ಯಮ ಎನ್ನಬಹುದೇ? (ವಿರಾಜಪೇಟೆಯ ನಿವೃತ್ತ ಕನ್ನಡ ಉಪನ್ಯಾಸಕರು)

ಉತ್ತರ: ಎನ್ನಬಾರದೆಂದು ನನ್ನ ಅಭಿಪ್ರಾಯ. ಯಮ ಎಂದೊಡನೆ ಕೋಣ, ಪಾಶ, ಚಿತ್ರಗುಪ್ತನ ಲೆಕ್ಕದ ಪುಸ್ತಕ ಎಲ್ಲವೂ ಹಿಂದೆಯೇ ಬರುತ್ತವೆ. ಯಮ ಪಾಪಪುಣ್ಯ ತೂಗುವ ಧರ್ಮರಾಯ. ಇವನು ಯಾರನ್ನೂ ತೂಗುವುದಿಲ್ಲ, ಹೊತ್ತಿಗೆ ಸರಿಯಾಗಿ ಬಂದು ತನ್ನ ಕೆಲಸ ಮುಗಿಸುತ್ತಾನೆ. ಇವನ ಬಿಳಿ ಕುದುರೆಯ ಹೆಸರು ಬಿಂಕಿ. ಇವನಿಗೆ ಬೆಕ್ಕುಗಳೂ ಖಾರದ ಸಾರೂ ಇಷ್ಟ.

ತೊಡಕಿರುವುದು ನೀವು ಕೇಳದ ಎರಡು ಕಡೆಗಳಲ್ಲಿ. ಮೊದಲನೆಯದು ಲಿಂಗ. ನಮ್ಮ ಭಾಷೆಯಲ್ಲಿ ಸಾವು ‘ಬಂತು’, ‘ಹೋಯಿತು’. ‘ಸಾವು ಬಂದನು’ ಎಂದು ಬರೆದರೆ ನೀವೇ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತೀರಿ. ಹಾಗಿದ್ದರೂ ಮೊದಲ ಹತ್ತು ಪುಟ ಓದುಗರನ್ನು ಮುಜುಗರಕ್ಕೆ ಒಡ್ಡಿ ‘ಬಂದನು’ ಎಂದೇ ಬರೆಯಬೇಕು, ಏಕೆಂದರೆ ವ್ಯಕ್ತಿಯಲ್ಲದ್ದು ವ್ಯಕ್ತಿಯಾಗುವುದೇ ಆ ಪಾತ್ರದ ಕಥೆ. ಎರಡನೆಯದು ದನಿ. ಮೂಲದಲ್ಲಿ ಆತನ ಮಾತೆಲ್ಲ ಉದ್ಧರಣ ಚಿಹ್ನೆಯಿಲ್ಲದೆ ದೊಡ್ಡಕ್ಷರದ ರೂಪದಲ್ಲಿ ಅಚ್ಚಾಗಿದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರವೆಂಬ ಭೇದವೇ ಇಲ್ಲ. ಹಳಗನ್ನಡ ಆಡಿಸಬಹುದೆಂದು ಗೆಳೆಯರೊಬ್ಬರು ಸೂಚಿಸಿದರು. ಬೇಡವೆಂದೆ: ಆತ ಆಡುವುದು ಸರಳವಾದ, ತುಸು ಸಂಕೋಚದ ಮಾತು, ಹಳಗನ್ನಡ ಅವನಿಗೆ ಕಿರೀಟ ತೊಡಿಸಿಬಿಡುತ್ತದೆ. ದಪ್ಪಕ್ಷರವೊಂದೇ ಸಾಕು.

ನಿಮಗೆ 1991ರ ‘ರೀಪರ್ ಮ್ಯಾನ್’ ಇಷ್ಟವಾಗುತ್ತದೆ. ಕೆಲಸದಿಂದ ನಿವೃತ್ತನಾದ ಸಾವು ಹೊಲವೊಂದರಲ್ಲಿ ಕೂಲಿಗೆ ಸೇರಿ ಕುಡುಗೋಲಿನಿಂದ ಕೊಯ್ಲು ಮಾಡುತ್ತಾನೆ, ಅದೂ ಒಂದೊಂದೇ ದಂಟನ್ನು ಬೇರೆಬೇರೆಯಾಗಿ. ಆಮೇಲೆ ಕಟಾವಿನ ಯಂತ್ರ ಬರುತ್ತದೆ. ಹುತ್ತರಿಯ ರಾತ್ರಿ ‘ಪೊಲಿ ಪೊಲಿ ದೇವಾ’ ಎನ್ನುತ್ತ ಕದಿರು ಕೊಯ್ದ ಗದ್ದೆಗೇ ಕೆಲವು ದಿನಗಳ ನಂತರ ಯಂತ್ರ ಇಳಿಯುವುದನ್ನು ಬದುವಿನ ಮೇಲೆ ನಿಂತು ನೋಡಿದವರಿಗೆ ಆ ಅಧ್ಯಾಯಗಳು ಬೇರೆಯೇ ರೀತಿಯಲ್ಲಿ ತಟ್ಟುತ್ತವೆ.

ಪ್ರಶ್ನೆ: ಈ ಕಥೆಗಳ ಮಾಂತ್ರಿಕರ ವಿಶ್ವವಿದ್ಯಾಲಯದ ಗ್ರಂಥಪಾಲಕನನ್ನು ಮಂಗ ಎಂದರೆ ಏಕೆ ಸಿಟ್ಟು? (ಕುಶಾಲನಗರದ ಹೈಸ್ಕೂಲು ವಿದ್ಯಾರ್ಥಿ)

ಉತ್ತರ: ಆತ ಮಂಗನಲ್ಲ, ಒರಾಂಗುಟನ್, ಬಾಲವಿಲ್ಲ. ಮಂತ್ರದ ಅಪಘಾತದಲ್ಲಿ ಹಾಗಾದವನು ಮತ್ತೆ ಮನುಷ್ಯನಾಗಲು ಒಪ್ಪಲೇ ಇಲ್ಲ, ಏಕೆಂದರೆ ಮೇಲಿನ ಕಪಾಟಿನ ಪುಸ್ತಕ ತೆಗೆಯಲು ಉದ್ದ ಕೈಗಳು ಅನುಕೂಲ. ನಮ್ಮಲ್ಲಿ ಕಿತ್ತಳೆ ಕದಿಯುವವರೊಂದಿಗೆ ಆತನನ್ನು ಸೇರಿಸಬೇಡಿ.

ಪ್ರಶ್ನೆ: ಕೊನೆಯ ಪುಸ್ತಕವನ್ನು ತಂದಿಟ್ಟು ವರ್ಷಗಳಾದವು, ತೆರೆಯಲು ಮನಸ್ಸಾಗುತ್ತಿಲ್ಲ. (ಮಡಿಕೇರಿಯ ಓದುಗರು)

ಉತ್ತರ: ನಿಮ್ಮಂತೆಯೇ ನಾನೂ ಎರಡು ವರ್ಷ ಮುಂದೂಡಿದ್ದೆ. ಪ್ರಾಚೆಟ್ ಅವರಿಗೆ ಆಲ್ಝೈಮರ್ ಕಾಯಿಲೆಯ ಒಂದು ಅಪರೂಪದ ಬಗೆ ಇರುವುದು 2007ರಲ್ಲಿ ತಿಳಿಯಿತು. ಟೈಪು ಮಾಡಲಾಗದಾದಾಗ ಬಾಯಿಂದ ಹೇಳಿ ಬರೆಸಿದರು. 2015ರ ಮಾರ್ಚ್ 12ರಂದು ತೀರಿಕೊಂಡರು. ‘ದಿ ಶೆಫರ್ಡ್ಸ್ ಕ್ರೌನ್’ ಅದೇ ವರ್ಷ ಹೊರಬಂತು. ಅಪೂರ್ಣ ಬರಹಗಳಿದ್ದ ಹಾರ್ಡ್ ಡ್ರೈವ್ ಅನ್ನು ಅವರ ಇಚ್ಛೆಯಂತೆ 2017ರಲ್ಲಿ ಹಳೆಯ ಉಗಿ ರೋಲರ್ ಕೆಳಗೆ ಹಾಕಿ ಜಜ್ಜಲಾಯಿತು. ಹಾಗಾಗಿ ನೀವು ಉಳಿಸಿಕೊಂಡಿರುವುದು ನಿಜವಾಗಿಯೂ ಕೊನೆಯದು.

ಪುಸ್ತಕ ಒಂದಿಷ್ಟು ಸೊರಗಿದೆ, ಅವರಿಗೆ ತಿದ್ದಲು ಸಮಯ ಸಿಕ್ಕಿಲ್ಲವೆಂಬುದು ಕಾಣುತ್ತದೆ. ಆದರೆ ಮೊದಲ ಭಾಗದಲ್ಲಿ ಒಬ್ಬ ಮುದುಕಿ ತಾನು ಮರುದಿನ ಇರುವುದಿಲ್ಲವೆಂದು ತಿಳಿದು ಮನೆ ಗುಡಿಸಿ ಒರೆಸಿ ಎಲ್ಲವನ್ನೂ ಚೊಕ್ಕಟ ಮಾಡಿಡುತ್ತಾಳೆ. ಯಾರೆಂದು ಹೇಳುವುದಿಲ್ಲ, ಗೋಣಿಕೊಪ್ಪಲಿನವರು ಇದನ್ನು ಓದುತ್ತಿರಬಹುದು. ಇನ್ನೂ ತೆರೆಯದಿದ್ದರೆ ಪುಸ್ತಕವನ್ನು ಕಪಾಟಿನಲ್ಲಿ ಮಾತ್ರ ಇಡಬೇಡಿ. ನನ್ನ ‘ಮಾರ್ಟ್’ನ ರಟ್ಟು ಜುಲೈ ತಿಂಗಳ ಥಂಡಿಗೆ ಬೂಸಲು ಹಿಡಿದು ಉಬ್ಬಿ, ಈಗ ಒಲೆಯ ಮೇಲಿನ ಅಟ್ಟದಲ್ಲಿ ಏಲಕ್ಕಿಯ ಪಕ್ಕದಲ್ಲಿ ಒಣಗುತ್ತಿದೆ.